ಅವರೆಕಾಯಿಯಷ್ಟು ದೂರ

ಬಸವೇಶ್ವರನಗರದ ಆ ಪಾರ್ಕಿನಲ್ಲಿ, ಹೊಂಗೆಮರದ ಕೆಳಗೆ, ಒಂದು ಉದ್ದನೆಯ ಬೆಂಚಿದೆ. ನೋಡುವುದಕ್ಕೆ ಬರೀ ಬೆಂಚೇ. ಆದರೆ ಅದರ ಎರಡು ತುದಿಯಲ್ಲೂ ಹಳೇ ಮನೆಗಳ ಬಾಗಿಲಿಗೆ ಇರುತ್ತಿತ್ತಲ್ಲ, ಅಂಥ ತಾಮ್ರದ ಒಂದೊಂದು ಹಿಡಿ ನೆಟ್ಟಗೆ ನಿಂತಿದೆ. ಈ ತುದಿಯಲ್ಲಿ ಒಬ್ಬರು ಕೂತು ಈ ಹಿಡಿಯನ್ನು ಹಿಡಿದುಕೊಳ್ಳಬೇಕು, ಆ ತುದಿಯಲ್ಲಿ ಇನ್ನೊಬ್ಬರು ಕೂತು ಆ ಹಿಡಿಯನ್ನು ಹಿಡಿದುಕೊಳ್ಳಬೇಕು. ಆಮೇಲೆ ಇಬ್ಬರೂ ಖಾಲಿ ಇರುವ ಕೈಯನ್ನು ಚಾಚಿ ಒಬ್ಬರನ್ನೊಬ್ಬರು ಮುಟ್ಟಿದರೆ ಬೆಂಚು ಗುನುಗುತ್ತದೆ. ಪೀಪಿ ಊದಿದ ಹಾಗಲ್ಲ, ಮೊಬೈಲು ಅರಚಿದ ಹಾಗೂ ಅಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಬಟ್ಟೆ ಮಡಚುತ್ತಾ ತಮ್ಮಷ್ಟಕ್ಕೆ ತಾವು ಗುನುಗಿಕೊಂಡ ಹಾಗೆ.

ಇದನ್ನು ಮಾಡಿದ್ದು ಮಾಲವಿಕಾ. ತಪ್ಪು, ಮಾಲವಿಕಾ ಮತ್ತು ನಿಖಿತಾ ಇಬ್ಬರೂ ಸೇರಿ ಮಾಡಿದ್ದು. ಎಡವಟ್ಟಾದದ್ದೂ ಅಲ್ಲೇ, ಆ ಎರಡನೇ ಹೆಸರನ್ನು ಹೇಳುವ ಜಾಗದಲ್ಲಿ. ಅದಕ್ಕೆ ಆಮೇಲೆ ಬರೋಣ.

ಮಾಲವಿಕಾ ಮರದ ಕೆಲಸದವಳು. ಕುರ್ಚಿ, ಮೇಜು, ಮಕ್ಕಳ ಶಾಲೆಗೆ ಗೊಂಬೆಪೆಟ್ಟಿಗೆ ಇಂಥವನ್ನೆಲ್ಲ ವಿನ್ಯಾಸ ಮಾಡುತ್ತಾಳೆ. ಮನೆ ಪಾರ್ಕಿನ ಹಿಂದಿನ ರಸ್ತೆಯಲ್ಲೇ. ಬೆಂಚು ಇಟ್ಟಾದ ಮೇಲೆ ದಿನಾ ಬೆಳಿಗ್ಗೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಪಾರ್ಕಿಗೆ ಬಂದು ಸುತ್ತು ಹಾಕುವುದನ್ನು ಅಭ್ಯಾಸ ಮಾಡಿಕೊಂಡಳು. ವಾಕಿಂಗ್ ಅನ್ನುವುದು ನೆಪ. ಬೆಂಚಿನ ಹತ್ತಿರ ಬಂದಾಗ ನಡಿಗೆ ನಿಧಾನವಾಗುತ್ತಿತ್ತು, ಕಿವಿಯ ಮೇಲಿನ ಮಫ್ಲರ್ ಸ್ವಲ್ಪ ಜಾರುತ್ತಿತ್ತು. ಜನ ಕೈಕೈ ಹಿಡಿಯುವುದನ್ನು ಒಂದೇ ಒಂದು ಸಲ ಕಣ್ಣಾರೆ ನೋಡಬೇಕು ಅನ್ನುವುದೇ ಅವಳ ಆಸೆ.

ಯಾರೂ ಹಿಡಿಯಲಿಲ್ಲ.

"ಇದೇನ್ರೀ, ಹೊಸದಾಗಿ ಹಾಕಿದಾರೆ?"

"ಬೆಂಚು ಅಲ್ವಾ."

"ಅದು ಕಾಣ್ತಾ ಇದೆ ಬಿಡಿ. ಈ ಹಿಡಿ ಯಾಕೆ?"

"ಮಂಡಿನೋವಿನವರು ಎದ್ದೇಳೋಕೆ ಇರಬೇಕು."

ಇದು ಒಂದು ದಿನದ ಮಾತು. ಇನ್ನೊಂದು ದಿನ ಪಾರ್ಕಿನ ಮಾಲಿ ಚಿಕ್ಕಮುನಿಯಪ್ಪ ತನ್ನ ಒದ್ದೆ ಟವೆಲನ್ನು ಒಂದು ಹಿಡಿಗೂ ನೀರಿನ ಪೈಪನ್ನು ಇನ್ನೊಂದಕ್ಕೂ ನೇತುಹಾಕಿ ನೆಮ್ಮದಿಯಾಗಿ ಬೀಡಿ ಹಚ್ಚಿದ. ಬೆಂಚಿನ ಪಕ್ಕದಲ್ಲಿ ಮಾಲವಿಕಾ ಒಂದು ಬೋರ್ಡು ನಿಲ್ಲಿಸಿದ್ದಳು. 'ಅಪರಿಚಿತರ ಕೈ ಹಿಡಿಯಿರಿ. ಬೆಂಚು ಹಾಡುತ್ತದೆ.' ಅದನ್ನು ಓದಿದ ಕಾಲೇಜು ಹುಡುಗರಿಬ್ಬರ ಮಾತನ್ನೂ ಅವಳು ಕೇಳಿಸಿಕೊಂಡಳು.

"ಮಚ್ಚಾ, ಅಪರಿಚಿತರ ಕೈ ಹಿಡೀಬೇಕಂತೆ ಕಣೋ."

"ಹಿಡಿ ಗುರು. ಸಾಯಂಕಾಲ ಏರಿಯಾ ವಾಟ್ಸಾಪ್ ಗ್ರೂಪಲ್ಲಿ ನಿನ್ನ ಫೋಟೋ ಹಾಕ್ತಾರೆ. ಅಮ್ಮನೇ ಮೊದಲು ನೋಡೋದು."

ಇಬ್ಬರೂ ನಕ್ಕು, ಬೆಂಚಿನ ಮೇಲೆ ಬ್ಯಾಗಿಟ್ಟು, ನೆಲದ ಮೇಲೆ ಕೂತರು.

ಹಾಗಂತ ಬೆಂಚಿನೊಳಗೆ ಧ್ವನಿ ಇರಲಿಲ್ಲ ಅಂತಲ್ಲ. ಇತ್ತು. ಅದು ನಿಖಿತಾಳ ಧ್ವನಿ. ಮೂಡಲಪಾಳ್ಯದ ಅವಳ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಒಣಗಲು ಹಾಕಿದ ಸಂಡಿಗೆಯ ಪಕ್ಕದಲ್ಲಿ ಕೂತು ಇಬ್ಬರೂ ಸೇರಿ ಅದನ್ನು ಹಿಡಿದಿದ್ದರು. ನಿಖಿತಾಳಿಗೆ ಸಂಗೀತವನ್ನು ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ಆದರೆ ಅವಳ ಕಿವಿ ಎಂಥದ್ದೆಂದರೆ, ಕುಕ್ಕರು ಯಾವ ಮನೆಯದ್ದು ಅನ್ನುವುದನ್ನು ಅದು ಕೂಗಿದ ಶ್ರುತಿಯಲ್ಲೇ ಹೇಳುತ್ತಿದ್ದಳು. "ಬಕೆಟ್ಟಿನೊಳಗೆ ತಲೆ ಹಾಕಿ ಗುನುಗಿದ್ರೆ ಧ್ವನಿಗೆ ಹೊಟ್ಟೆ ಬರುತ್ತೆ ಕಣೇ" ಎಂದು ನಿಜವಾಗಿಯೂ ಬಕೆಟ್ಟಿನೊಳಗೆ ತಲೆ ಹಾಕಿ ಕೂತಿದ್ದಳು. ತಾಮ್ರದ ಹಿಡಿಯಿಂದ ಹಿಡಿಗೆ ಕರೆಂಟಿನ ಮಿಂಚು ಹರಿಯುವ ದಾರಿ ಹತ್ತಿರವಾದಷ್ಟೂ ಸ್ವರ ಮೇಲೇರಬೇಕು, ದೂರವಾದಷ್ಟೂ ಕೆಳಗಿಳಿಯಬೇಕು ಅನ್ನುವ ಲೆಕ್ಕ ಅವಳದ್ದೇ. ಕೈಗಡಿಯಾರದೊಳಗೆ ಇರುವಷ್ಟೇ ಮಿಂಚು. ಇರುವೆಗೂ ಗೊತ್ತಾಗುವುದಿಲ್ಲ.

ಒಂದು ಮಧ್ಯಾಹ್ನ ಬಕೆಟ್ಟಿನ ಹಿಡಿಕೆಗೆ ಅವಳ ಕಿವಿಯೋಲೆ ಸಿಕ್ಕಿಕೊಂಡು ತಲೆ ಹೊರಗೆ ಬರಲಿಲ್ಲ. ಒಳಗಿನಿಂದ ಅವಳು ನಕ್ಕಳು, ಹೊರಗಿನಿಂದ ಮಾಲವಿಕಾ ನಕ್ಕಳು. ನಕ್ಕು ನಕ್ಕು ಸಂಡಿಗೆಯ ಮೇಲೆ ಬಿದ್ದು ನಿಖಿತಾಳ ಅಮ್ಮನ ಕೈಲಿ ಬೈಸಿಕೊಂಡದ್ದೂ ಆಯಿತು. ರೆಕಾರ್ಡಿಂಗ್ ಮಾತ್ರ ನಡೆಯುತ್ತಲೇ ಇತ್ತು.

"ಇದನ್ನೂ ಬೆಂಚಿಗೆ ಹಾಕೋಣ" ಎಂದಳು ನಿಖಿತಾ.

"ಹುಚ್ಚಾ? ಅಳಿಸಿಬಿಡು ಅದನ್ನ. ದೊಡ್ಡವರು ಯಾರಾದ್ರೂ ಕೇಳಿದ್ರೆ ಏನಂದ್ಕೋತಾರೆ?"

"ನಗ್ತಾರೆ."

"ಅದಕ್ಕೇ ಅಳಿಸು ಅಂದಿದ್ದು."

ಬೋರ್ಡಿನ ವಿಷಯಕ್ಕೂ ಹೀಗೇ ಆಗಿತ್ತು. "ಬೋರ್ಡ್ ಬೇಡ ಕಣೇ ಮಾಲು. ಆಟಕ್ಕೆ ಬೋರ್ಡ್ ಹಾಕಿದ್ರೆ ಪರೀಕ್ಷೆ ಥರ ಆಗುತ್ತೆ" ಎಂದಿದ್ದಳು ನಿಖಿತಾ. ಮಾಲವಿಕಾ ಕೇಳಲಿಲ್ಲ. ಜನ ಕೈ ಹಿಡಿಯಬೇಕು ಅನ್ನುವುದು ತಿಳಿಯದೇ ಹೋದರೆ ಏನು ಪ್ರಯೋಜನ? ಒಬ್ಬರಿಗೇ ಎರಡು ಹಿಡಿಯೂ ಎಟುಕಬಾರದೆಂದು ಬೆಂಚನ್ನು ಅಷ್ಟುದ್ದ ಮಾಡಿದ್ದು ಯಾಕೆ ಹಾಗಾದರೆ?

ಇಷ್ಟಕ್ಕೇ ನಿಂತಿದ್ದರೆ ಜಗಳ ಜಗಳದ ಹಾಗೇ ಇದ್ದು ಕರಗುತ್ತಿತ್ತು. ಬೆಂಚನ್ನು ಪಾರ್ಕಿಗೆ ಒಪ್ಪಿಸಿದ ದಿನ ಮಾಲವಿಕಾಳ ಕೈಗೆ ಮೈಕು ಬಂತು. ಮೈಕು ಕೈಗೆ ಬಂದಾಗ ಮನುಷ್ಯರಿಗೆ ಏನೋ ಆಗುತ್ತದೆ. "ಇದು ನನ್ನ ಬಹಳ ದಿನದ ಕನಸು. ಧ್ವನಿಗೆ ಗೆಳತಿ ನಿಖಿತಾ ಸಹಾಯ ಮಾಡಿದ್ದಾಳೆ" ಎಂದುಬಿಟ್ಟಳು. ಹಿಂದಿನ ಸಾಲಿನಲ್ಲಿ ಕೇಸರಿಬಾತಿನ ದೊನ್ನೆ ಹಿಡಿದು ನಿಂತಿದ್ದ ನಿಖಿತಾ ಬಾಯಿಗೆ ಹೋಗುತ್ತಿದ್ದ ಚಮಚವನ್ನು ಹಾಗೇ ಇಳಿಸಿದಳು. ಬೋರ್ಡಿನ ಕೆಳಗೂ ಅದೇ ಇತ್ತು. ವಿನ್ಯಾಸ: ಮಾಲವಿಕಾ. ಧ್ವನಿ ಸಹಾಯ: ನಿಖಿತಾ. ಅವಳು ಅದನ್ನೊಮ್ಮೆ ಓದಿ, ಅರ್ಧ ತಿಂದ ದೊನ್ನೆಯನ್ನು ಬೆಂಚಿನ ಮೇಲಿಟ್ಟು, ಬಸ್‌ಸ್ಟಾಪಿನ ಕಡೆಗೆ ಹೋದಳು. ಆವತ್ತಿನಿಂದ ಫೋನು ಎತ್ತಿಲ್ಲ. ಮನೆಗೆ ಹೋದರೆ ಅವಳ ಅಮ್ಮ ಕಾಫಿ ಕೊಟ್ಟರು, ಉಲ್ಲಾಳದಲ್ಲಿ ಮಕ್ಕಳಿಗೆ ಏನೋ ಕ್ಲಾಸು ಹಿಡಿದಿದ್ದಾಳೆ, ಬರುವುದು ಹೊತ್ತಾಗುತ್ತದೆ ಎಂದರು. ರೂಮಿನ ಬಾಗಿಲ ಸಂದಿಯಲ್ಲಿ ಅವಳ ಚಪ್ಪಲಿ ಕಾಣುತ್ತಿತ್ತು.

ಹಾಗಾಗಿ ಬೆಂಚು ಹಾಡುವುದನ್ನು ಕೇಳಬೇಕೆಂದರೆ ಮಾಲವಿಕಾಳಿಗೆ ಅದು ಗೆಳತಿಯನ್ನು ಕೇಳಿದ ಹಾಗೇ. ಜನ ಆಡಿದರೆ ನಿಖಿತಾಳಿಗೆ ಹೇಳಲು ಒಂದು ಮಾತಾದರೂ ಸಿಗುತ್ತದೆ, ಆ ಮಾತು ಹಿಡಿದುಕೊಂಡು ಮೂಡಲಪಾಳ್ಯಕ್ಕೆ ಹೋಗಬಹುದು ಎಂದು ಅವಳು ಕಾಯುತ್ತಿದ್ದಳು.

ಧನುರ್ಮಾಸ ಹತ್ತಿರ ಬಂದಿತ್ತು. ಬೆಳಗಿನ ಮಂಜು ಪಾರ್ಕಿನ ಮೇಲೆ ಹಾಲಿನ ಕೆನೆಯ ಹಾಗೆ ಕೂತಿರುತ್ತಿತ್ತು. ಅಂಥ ಒಂದು ದಿನ ಅನಂತಲಕ್ಷ್ಮಿ ಆಂಟಿ ಗಾಡಿಯವನ ಹತ್ತಿರ ತರಕಾರಿ ಕೊಂಡು, ಉಸ್ಸೆಂದು ಬಂದು ಬೆಂಚಿನ ಒಂದು ತುದಿಯಲ್ಲಿ ಕೂತರು. ಅನಂತಲಕ್ಷ್ಮಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಏನನ್ನು ಕಂಡರೂ ಪರೀಕ್ಷಿಸದೆ ಬಿಡುವವರಲ್ಲ. ಇನ್ನೊಂದು ತುದಿಯಲ್ಲಿ ಆಗಲೇ ಬಸವಲಿಂಗಪ್ಪ ಕೂತಿದ್ದರು. ಹಾವೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ಮಗಳ ಮನೆಗೆಂದು ಬಂದು ಇಲ್ಲೇ ಉಳಿದವರು. ಹಣೆಯಲ್ಲಿ ವಿಭೂತಿ, ತಲೆಗೆ ಮಂಕಿ ಕ್ಯಾಪು.

ಮಾಲವಿಕಾ ಹೊಂಗೆಮರದ ಹಿಂದೆ ಶೂ ಲೇಸು ಕಟ್ಟುವವಳ ಹಾಗೆ ಬಗ್ಗಿದಳು.

"ಕೈ ಹಿಡೀಬೇಕಂತೆ ನೋಡಿ" ಎಂದರು ಅನಂತಲಕ್ಷ್ಮಿ, ಬೋರ್ಡಿನ ಕಡೆ ಗಲ್ಲ ತೋರಿಸಿ.

"ಯಾರ ಕೈ ರೀ?"

"ಅಪರಿಚಿತರದ್ದು."

"ಅಯ್ಯ ಶಿವನ! ನೀವು ದಿನಾ ನೋಡೋ ಮುಖ. ನಾವು ಅಪರಿಚಿತರ ಹೆಂಗ ಆಗ್ತೀವ್ರೀ?"

"ಹೆಸರು ಗೊತ್ತಿಲ್ಲವಲ್ಲ."

"ಬಸವಲಿಂಗಪ್ಪ."

"ಆಯ್ತು, ಈಗ ಅದೂ ಕೆಟ್ಟಿತು." ಅನಂತಲಕ್ಷ್ಮಿ ತಾಮ್ರದ ಹಿಡಿಯನ್ನು ಒಮ್ಮೆ ಮುಟ್ಟಿ ನೋಡಿದರು. ತಣ್ಣಗಿತ್ತು. ತಮ್ಮ ಖಾಲಿ ಕೈಯನ್ನು ನೋಡಿಕೊಂಡರು. ಬಸವಲಿಂಗಪ್ಪನವರ ಕೈಯನ್ನೂ ನೋಡಿದರು. ಅವರು ಅದನ್ನು ಶಾಲಿನೊಳಗೆ ಎಳೆದುಕೊಂಡರು.

"ನಮ್ಮಾಕಿ ಆ ಕಡೆ ರೌಂಡ್ ಹೊಡೀಲಿಕ್ಕೆ ಹತ್ಯಾಳ್ರೀ. ಬಂದ್ರ ನನ್ನ ಗತಿ ಏನು?"

"ಅಯ್ಯೋ, ನಿಮ್ಮ ಕೈ ಯಾರಿಗೆ ಬೇಕು!" ಎನ್ನುತ್ತಾ ಅನಂತಲಕ್ಷ್ಮಿ ಚೀಲಕ್ಕೆ ಕೈ ಹಾಕಿ ಒಂದು ನುಗ್ಗೆಕಾಯಿ ಎಳೆದರು. ಗಾಡಿಯವನು ನೀರು ಚಿಮುಕಿಸಿದ್ದರಿಂದ ಅದು ಇನ್ನೂ ಒದ್ದೆಯಾಗಿತ್ತು. "ಇದರ ಆ ತುದಿ ಹಿಡ್ಕೊಳ್ಳಿ. ಏನಾಗುತ್ತೋ ನೋಡೋಣ."

ಬಸವಲಿಂಗಪ್ಪ ಮಗುವಿನ ಬೆರಳು ಹಿಡಿದ ಹಾಗೆ ನುಗ್ಗೆಕಾಯಿಯ ತುದಿಯನ್ನು ಹಿಡಿದರು. ಇಬ್ಬರ ಇನ್ನೊಂದು ಕೈಯೂ ತಾಮ್ರದ ಹಿಡಿಯ ಮೇಲಿತ್ತು.

ಬೆಂಚು ಗುನುಗಿತು.

ಮಂಜಿನೊಳಗೆ ಆ ಸದ್ದು ಎಲ್ಲಿಂದ ಬಂತೆಂದು ಇಬ್ಬರಿಗೂ ಒಂದು ಗಳಿಗೆ ಗೊತ್ತಾಗಲಿಲ್ಲ. ಬಸವಲಿಂಗಪ್ಪ ಮೇಲೆ ನೋಡಿದರು, ಅನಂತಲಕ್ಷ್ಮಿ ಹಿಂದೆ ನೋಡಿದರು. ಮರದ ಹಿಂದೆ ಮಾಲವಿಕಾ ತೊಗಟೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದಳು. ನಿಖೀ, ಎಂದುಕೊಂಡಳು.

"ಅಲ್ರೀ ಅಕ್ಕಾರ" ಎಂದರು ಬಸವಲಿಂಗಪ್ಪ, ಪಿಸುದನಿಯಲ್ಲಿ, "ನುಗ್ಗೀಕಾಯಿ ಹಾಡ್ಲಿಕ್ಕೆ ಹತ್ತೈತಲ್ರೀ!"

ಮಾರನೇ ದಿನದಿಂದ ಪಾರ್ಕಿನ ರೀತಿಯೇ ಬೇರೆ ಆಯಿತು. ಬೆಂಚಿಗೆ ತರಕಾರಿ ಬೇಕು ಅನ್ನುವ ಸುದ್ದಿ ಹೇಗೆ ಹರಡಿತೋ ದೇವರೇ ಬಲ್ಲ. ಸೋರೆಕಾಯಿ ಬಂತು, ಬಾಳೆದಿಂಡು ಬಂತು, ಕೊತ್ತಂಬರಿ ಕಟ್ಟು ಬಂತು. ಬಾಳೆದಿಂಡು ಒಳ್ಳೆ ಕಂಠದ್ದು, ಬದನೆಕಾಯಿ ಮುನಿಸಿನದ್ದು, ಮೂಲಂಗಿ ಬೆಳಿಗ್ಗೆ ಒಂದು ಥರ ಸಾಯಂಕಾಲ ಒಂದು ಥರ ಎಂದು ಅನಂತಲಕ್ಷ್ಮಿ ತೀರ್ಪು ಕೊಡತೊಡಗಿದರು. ಕೈ ಹಿಡಿಯಲು ನಾಚಿ ಓಡಿದ್ದವರು ಈಗ ಸೌತೆಕಾಯಿಯ ಎರಡು ತುದಿ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಿದ್ದರು.

ಮಾಲವಿಕಾಳಿಗೆ ಮೊದಲ ದಿನದ ಪುಳಕ ಇಳಿದು ಸಿಟ್ಟು ಬಂತು. ತಾನು ಕನಸು ಕಂಡದ್ದು ಮನುಷ್ಯರ ಕೈಗಳನ್ನು. ಬಂದದ್ದು ಹುಳಿಯ ಸಾಮಾನು. ಅವಳು ಬೋರ್ಡಿನ ಕೆಳಗೆ ಬಣ್ಣದಲ್ಲಿ ಇನ್ನೊಂದು ಸಾಲು ಬರೆದಳು. 'ತರಕಾರಿ ಬಳಸಬಾರದು.'

ಮಾರನೇ ದಿನ ಎಲ್ಲರೂ ಹಣ್ಣು ತಂದರು.

"ಹಣ್ಣು ಬೇಡ ಅಂತ ಎಲ್ಲಿ ಬರೆದಿದೆ?" ಎಂದು ಅನಂತಲಕ್ಷ್ಮಿ ಯಾರನ್ನೋ ಕೇಳುತ್ತಿದ್ದರು, ಪಪ್ಪಾಯಿಯ ಆ ಬದಿಯನ್ನು ಬಸವಲಿಂಗಪ್ಪನವರ ಹೆಂಡತಿಯ ಕಡೆ ಚಾಚುತ್ತಾ. ಆಕೆಯೂ ಈಗ ಆಟಕ್ಕೆ ಸೇರಿಕೊಂಡಿದ್ದರು. "ಟೊಮೇಟೋ ಯಾವುದಕ್ಕೆ ಸೇರುತ್ತೆ ಅನ್ನೋದೊಂದು ಡೌಟು. ಅದನ್ನ ಕೇಳಿ ತಿಳ್ಕೊಂಡು ನಾಳೆ ತರೋಣ."

ಮಾಲವಿಕಾ ಮಫ್ಲರ್ ಬಿಗಿಮಾಡಿಕೊಂಡು ಮನೆಗೆ ಹೋದಳು.

ಆ ಮಧ್ಯಾಹ್ನ ಕಿಟಕಿ ತೆರೆದಿಟ್ಟು ಮಲಗಿದವಳಿಗೆ ಪಾರ್ಕಿನಿಂದ ಗುನುಗು ತೇಲಿ ಬರುತ್ತಿತ್ತು. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ನಡುವೆ ಯಾರೋ ಕೇಕೆ. ನಿದ್ದೆಯೋ ಎಚ್ಚರವೋ ತಿಳಿಯದ ಹೊತ್ತಿನಲ್ಲಿ ಅವಳು ಬೆಂಚಿನ ಮೇಲೆ ಕೂತಿದ್ದಳು, ಬೆಂಚು ಬೆಳೆಯುತ್ತಿತ್ತು. ಕುಂಬಳಬಳ್ಳಿಯ ಹಾಗೆ ಪಾರ್ಕಿನ ಗೇಟು ದಾಟಿ, ಮಾಗಡಿ ರಸ್ತೆಯ ಬಸ್ಸುಗಳ ನಡುವೆ ತೂರಿ, ಹೊಸಹಳ್ಳಿಯ ಮೆಟ್ರೋ ಕಂಬಗಳನ್ನು ಬಳಸಿಕೊಂಡು ಹೋಯಿತು. ದಾರಿಯುದ್ದಕ್ಕೂ ಜನ ಅದರ ಮೇಲೆ ಕೂತಿದ್ದರು. ಹೂ ಕಟ್ಟುವವರು, ಪೇಪರ್ ಓದುವವರು, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ತೂಕಡಿಸುವವರು. ಯಾರಿಗೂ ಅವಸರವಿರಲಿಲ್ಲ. ಬಹಳ ಬಹಳ ದೂರದಲ್ಲಿ, ಮೂಡಲಪಾಳ್ಯದ ತಾರಸಿಯ ಮೇಲೆ ಆ ಬೆಂಚಿನ ಇನ್ನೊಂದು ತುದಿ ಇತ್ತು. ಅಲ್ಲಿ ಯಾರೋ ಕೂತಿದ್ದರು. ಮುಖ ಕಾಣುತ್ತಿರಲಿಲ್ಲ. ಮಾಲವಿಕಾ ಹಿಡಿಯನ್ನು ಹಿಡಿದಳು. ಎಷ್ಟೋ ಹೊತ್ತಿನ ಮೇಲೆ ಕೆಳಗೆ, ನೆಲದಷ್ಟು ಕೆಳಗೆ, ಒಂದು ಸ್ವರ ಬಂತು. ಅದು ಅವಳು ಎಂದೂ ಕೇಳದ ಸ್ವರ.

ಎಚ್ಚರವಾದಾಗ ಸಂಜೆಯ ಬಿಸಿಲು ಗೋಡೆ ಹತ್ತಿತ್ತು. ಅವಳು ಎದ್ದು ಕೂತು ಯೋಚಿಸಿದಳು. ಬೆಂಚು ಎಷ್ಟು ಕೆಳಗೆ ಹೋಗುತ್ತದೆ? ಅವಳು ಪರೀಕ್ಷೆ ಮಾಡಿದ್ದು ಕೈ ಹಿಡಿದು ಮಾತ್ರ. ಕೈ ಹಿಡಿದರೆ ಬರುವುದು ಮೇಲಿನ ಸ್ವರಗಳಷ್ಟೇ. ಅದಕ್ಕೂ ಕೆಳಗೆ ನಿಖಿತಾ ಏನು ಇಟ್ಟಿದ್ದಾಳೆ ಎಂದು ತಾನು ಕೇಳಿಯೇ ಇಲ್ಲವಲ್ಲ?

ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಮಂಜು ಎಷ್ಟಿತ್ತೆಂದರೆ ಹೊಂಗೆಮರಕ್ಕೆ ಬುಡವಿತ್ತು, ತಲೆಯಿರಲಿಲ್ಲ. ಮಾಲವಿಕಾ ಹಿಂದಿನ ಸಂಜೆಯೇ ಗಾಡಿಯವನಲ್ಲಿ ಅತೀ ಉದ್ದದ ಪಡವಲಕಾಯಿ ಆರಿಸಿ ತಂದಿದ್ದಳು. ನೆಟ್ಟಗೆ ಬೆಳೆಯಲೆಂದು ತುದಿಗೆ ಕಲ್ಲು ಕಟ್ಟಿ ಬಿಡುತ್ತಾರಲ್ಲ, ಅಂಥದ್ದು. ದೊಣ್ಣೆಯಂತೆ ಇತ್ತು. ಅವಳು ಬೆಂಚಿನ ಈ ತುದಿಯಲ್ಲಿ ಕೂತು ಎಡಗೈಯಲ್ಲಿ ಹಿಡಿಯನ್ನು ಹಿಡಿದಳು. ಬಲಗೈಯಲ್ಲಿ ಪಡವಲಕಾಯಿಯ ತೊಟ್ಟು ಹಿಡಿದು, ಆ ಕಡೆಯ ಹಿಡಿಯತ್ತ ಚಾಚಿದಳು. ಎಟುಕಲಿಲ್ಲ. ಇನ್ನೂ ಬಗ್ಗಿದಳು. ಹೆಚ್ಚು ಕಡಿಮೆ ಬೆಂಚಿನ ಮೇಲೆ ಮಲಗಿಯೇಬಿಟ್ಟಳು. ಕೊನೆಗೆ ಪಡವಲದ ಸಣ್ಣ ಬಾಲ ತಾಮ್ರಕ್ಕೆ ಸೋಕಿಯೂ ಸೋಕದ ಹಾಗೆ ಮುಟ್ಟಿತು.

ಕಿವಿ ಬೆಂಚಿಗೇ ಒತ್ತಿತ್ತು. ಮರದ ಒಳಗಿನಿಂದ ದಪ್ಪನೆಯ ಗುನುಗು ಎದ್ದಿತು. ಬಕೆಟ್ಟಿನ ಹೊಟ್ಟೆಯದ್ದು. ಅದು ಇಳಿಯಿತು, ಮತ್ತೂ ಇಳಿಯಿತು, ತಳ ಸಿಕ್ಕಿತೋ ಏನೋ ಅನ್ನುವಾಗ ನಿಂತಿತು.

ಆಮೇಲೆ ನಗು ಬಂತು.

ಬಕೆಟ್ಟಿನ ಒಳಗಿನಿಂದ ಒಂದು ನಗು, ಹೊರಗಿನಿಂದ ಒಂದು ನಗು. ಒಂದರ ಮೇಲೊಂದು ಬೀಳುತ್ತಾ, ಉಸಿರು ಸಿಗದೆ, "ಅಮ್ಮಾ ಬಂದ್ರು ಕಣೇ, ಸಂಡಿಗೆ, ಸಂಡಿಗೆ" ಎಂದು ನಡುವೆ ಯಾರೋ. ಅದು ಮಾಲವಿಕಾಳದ್ದೇ ಧ್ವನಿ. ತಾನು ಹಾಗೆ ನಗುತ್ತೇನೆಂದು ಅವಳಿಗೆ ಮರೆತೇಹೋಗಿತ್ತು.

ಅಳಿಸು ಎಂದದ್ದನ್ನು ನಿಖಿತಾ ಅಳಿಸಿರಲಿಲ್ಲ. ಕೈ ಹಿಡಿದು ಕೂತವರಿಗೆ ಎಂದೂ ಸಿಗದ, ದೂರದಿಂದ ಹೇಗೋ ಹೇಗೋ ಆಡುವವರಿಗೆ ಮಾತ್ರ ಸಿಗುವ ಜಾಗದಲ್ಲಿ ಬಚ್ಚಿಟ್ಟಿದ್ದಳು. ಜನ ಬೋರ್ಡನ್ನು ಕೇಳುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಕೇಳದೇ ಇರುವವರಿಗೆಂದೇ ಉಡುಗೊರೆ ಇಟ್ಟುಹೋಗಿದ್ದಳು.

"ಎಲಾ ಇವಳಾ!"

ಮಾಲವಿಕಾ ದಡಬಡಿಸಿ ಎದ್ದಳು. ಮಂಜಿನಿಂದ ಅನಂತಲಕ್ಷ್ಮಿ ಹೊರಬಂದಿದ್ದರು, ಹಿಂದೆಯೇ ಬಸವಲಿಂಗಪ್ಪ.

"ತರಕಾರಿ ಬಳಸಬಾರದು ಅಂತ ಬೋರ್ಡ್ ಬರೆದು, ನಾವಿಲ್ಲದಾಗ ಬಂದು ಒಬ್ಬಳೇ ಪಡವಲಕಾಯಿ ಆಡ್ತೀಯಾ?"

"ನಾನು... ಬೋರ್ಡ್ ನಾನು..."

"ಗೊತ್ತಿಲ್ಲ ಅಂದ್ಕೊಂಡ್ಯಾ? ಬೆಂಚು ಕೊಟ್ಟ ದಿನ ಮೈಕಲ್ಲಿ ಮಾತಾಡಿದವಳು ನೀನೇ ತಾನೇ? ದಿನಾ ಮಫ್ಲರ್ ಸುತ್ಕೊಂಡು ಮರದ ಹಿಂದೆ ಲೇಸು ಕಟ್ಟೋದೇನು! ನಿನ್ನ ಶೂಗೆ ಲೇಸೇ ಇಲ್ಲ."

ಮಾಲವಿಕಾ ಕಾಲಿನ ಕಡೆ ನೋಡಿಕೊಂಡಳು. ನಿಜ, ಇರಲಿಲ್ಲ.

ಬಸವಲಿಂಗಪ್ಪ ಪಡವಲಕಾಯಿಯನ್ನೇ ನೋಡುತ್ತಿದ್ದರು. "ಈಗ ನಕ್ಕಿದ್ದು ಯಾರ್ರೀ ತಂಗಿ? ಈ ಬೆಂಚಿಗೆ ನಗಲಿಕ್ಕೂ ಬರ್ತದೇನು?"

ಆಗ ಅವಳು ಹೇಳಿದಳು. ಎಲ್ಲವನ್ನೂ, ತಾರಸಿ, ಬಕೆಟ್ಟು, ಸಂಡಿಗೆ, ಮೈಕು, ಅರ್ಧ ತಿಂದ ಕೇಸರಿಬಾತು. ಹೇಳುತ್ತಾ ಪಡವಲಕಾಯಿಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

"ಸಹಾಯ ಅಂದ್ಯಾ?" ಎಂದರು ಅನಂತಲಕ್ಷ್ಮಿ. "ಸಾರಿಗೆ ಉಪ್ಪು ಸಹಾಯ ಮಾಡಿದೆ ಅಂದ ಹಾಗಾಯ್ತು."

"ಬಾಯಿಗೆ ಬಂದುಬಿಡ್ತು ಆಂಟಿ."

"ಬೋರ್ಡಿಗೂ ಬಂದಿದೆಯಲ್ಲ. ಅದು ಬಾಯಲ್ಲ." ಅವರು ಚೀಲದಿಂದ ಫೋನು ತೆಗೆದರು. "ನಂಬರ್ ಹೇಳು. ನಿನ್ನ ಫೋನು ಎತ್ತಲ್ಲ, ನಂದು ಎತ್ತುತ್ತಾಳೆ."

"ಏನಂತ ಹೇಳೋದು?"

"ನೀನೇನೂ ಹೇಳಬೇಡ ಮಾರಾಯ್ತಿ. ಹೇಳಿದ್ದು ಸಾಕು. ಬಸವಲಿಂಗಪ್ಪನವರೇ, ಆ ತುದಿ ಹಿಡ್ಕೊಳ್ಳಿ."

ಮೂರನೇ ರಿಂಗಿಗೋ ನಾಲ್ಕನೆಯದಕ್ಕೋ ನಿದ್ದೆಗಣ್ಣಿನ ಧ್ವನಿ ಬಂತು. "ಹಲೋ? ಯಾರು?"

ಅನಂತಲಕ್ಷ್ಮಿ ಉತ್ತರ ಕೊಡದೆ ಫೋನನ್ನು ಬೆಂಚಿನ ಹೊಟ್ಟೆಯ ಕೆಳಗೆ, ಸದ್ದು ಬರುವ ಸೀಳಿನ ಹತ್ತಿರ ಹಿಡಿದರು. ಮಾಲವಿಕಾ ಮತ್ತು ಬಸವಲಿಂಗಪ್ಪ ಪಡವಲಕಾಯಿಯನ್ನು ಎರಡು ಕಡೆಯಿಂದ ಹಿಡಿದರು. ಬೆಂಚು ಗುನುಗಿತು. ನಿಖಿತಾಳ ಗುನುಗು ನಿಖಿತಾಳಿಗೇ ಹೋಯಿತು.

ಆ ಕಡೆ ಕಾಗೆಯೊಂದು ಕೂಗಿದ್ದು ಕೇಳಿತು, ಅದು ಮೂಡಲಪಾಳ್ಯದ ಕಾಗೆ.

"ಏನು ಹಿಡ್ಕೊಂಡಿದೀರಾ?" ಎಂದು ಕೊನೆಗೆ ಬಂತು.

"ಪಡವಲಕಾಯಿ ರೀ" ಎಂದರು ಬಸವಲಿಂಗಪ್ಪ.

"ಪಡವಲ..." ಆಮೇಲೆ, ಬೇರೆಯೇ ದನಿಯಲ್ಲಿ, ಎದ್ದು ಕೂತವಳ ದನಿಯಲ್ಲಿ, "ಒದ್ದೆ ಇದೆಯಾ?"

"ಇಬ್ಬನಿ ಬಿದ್ದೈತ್ರಿ."

"ಕೈಗಳನ್ನ ಸ್ವಲ್ಪ ಮಧ್ಯಕ್ಕೆ ತನ್ನಿ. ಇನ್ನೂ. ಏರ್ತಿದೆಯಲ್ಲ? ಹಾಂ. ಈಗ ಮಧ್ಯಕ್ಕೆ ಮುರೀರಿ."

ಬಸವಲಿಂಗಪ್ಪ ಲಟಕ್ಕನೆ ಮುರಿದರು. ಅರ್ಧ ಪಡವಲಕಾಯಿಗೆ ಬೆಂಚು ಒಂದು ಮೆಟ್ಟಿಲು ಹಾರಿ ಕೂತಿತು.

"ಇನ್ನೊಂದ್ಸಲ ಮುರೀರಿ."

ಮತ್ತೆ ಮುರಿದರು. ಸ್ವರ ಮತ್ತೆ ಹಾರಿತು. ಫೋನಿನಲ್ಲಿ ಯಾರೋ ಮೂಗಿನಿಂದ ನಕ್ಕ ಹಾಗಾಯಿತು.

"ನಿಖೀ" ಎಂದಳು ಮಾಲವಿಕಾ, ತಡೆಯಲಾರದೆ. "ನಗು ಸಿಕ್ತು ಕಣೇ."

"ಅವಳು ಅಲ್ಲೇ ಇದಾಳಾ?" ಎಂದಳು ನಿಖಿತಾ, ಬೇರೆ ಯಾರನ್ನೋ ಕೇಳುವ ಹಾಗೆ.

"ಇದಾಳಮ್ಮ" ಎಂದರು ಅನಂತಲಕ್ಷ್ಮಿ. "ಪಡವಲಕಾಯಿ ಹಿಡ್ಕೊಂಡು ಅಳ್ತಾ ಇದಾಳೆ."

"ಅಳ್ತಿಲ್ಲ ಆಂಟಿ! ನಿಖೀ, ಬೋರ್ಡ್ ಕಿತ್ತುಹಾಕ್ತೀನಿ. ಈಗಲೇ."

"ಯಾವ ಸಾಲು?"

"ಇಡೀ ಬೋರ್ಡು."

ಫೋನು ಕಟ್ಟಾಯಿತು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಮಾಲವಿಕಾ ಮನೆಗೆ ಹೋಗಿ ಸ್ಪ್ಯಾನರ್ ತಂದು ಬೋರ್ಡನ್ನು ಕಿತ್ತಳು. ಅದರ ಜಾಗದಲ್ಲಿ ಇನ್ನೊಂದು ಬರೆದು ನಿಲ್ಲಿಸಬೇಕೆಂದು ಕೈ ತುರಿಸಿತು. ಇಬ್ಬರ ಹೆಸರನ್ನೂ ಒಂದೇ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ. ಆಮೇಲೆ, ಅದನ್ನೂ ತಾನೊಬ್ಬಳೇ ಬರೆಯುವುದು ಎಂಥದ್ದು ಎನ್ನಿಸಿ ಸುಮ್ಮನಾದಳು. ಕಿತ್ತ ಬೋರ್ಡನ್ನು ಚಿಕ್ಕಮುನಿಯಪ್ಪ ತಗೊಂಡುಹೋಗಿ ಚೆಂಡುಹೂವಿನ ಸಸಿಗಳಿಗೆ ಬಿಸಿಲು ಬೀಳದಂತೆ ಅಡ್ಡ ಇಟ್ಟ.

ದಿನಗಳು ಹೋದವು. ಮಾಲವಿಕಾ ಈಗ ಮರದ ಹಿಂದೆ ನಿಲ್ಲುತ್ತಿರಲಿಲ್ಲ. ಎಲ್ಲರ ಜೊತೆ ಕೂರುತ್ತಿದ್ದಳು. ಬೂದುಗುಂಬಳವನ್ನು ಇಬ್ಬರು ತಬ್ಬಿಕೊಂಡರೆ ಏನಾಗುತ್ತದೆ ಎಂದು ತಾನೇ ಕೇಳಿದ್ದಳು. ಏನೂ ಆಗಲಿಲ್ಲ, ಆದರೆ ತಬ್ಬಿಕೊಂಡವರು ಬಹಳ ನಕ್ಕರು. ಆದರೂ ಗೇಟು ಕಿರುಗುಟ್ಟಿದಾಗಲೆಲ್ಲ ಅವಳ ತಲೆ ತಿರುಗುತ್ತಿತ್ತು. ಅನಂತಲಕ್ಷ್ಮಿ ಅದನ್ನು ಗಮನಿಸಿ ಗಮನಿಸದವರ ಹಾಗೆ ಇದ್ದರು.

ಒಂದು ಭಾನುವಾರ. ಅವರೆಕಾಯಿಯ ಕಾಲ ಏರಿತ್ತು. ಬೆಂಚಿನ ಸುತ್ತ ಹಳೇ ಪೇಪರು ಹಾಸಿ, ರಾಶಿ ಸುರಿದು, ಹೆಂಗಸರೂ ಗಂಡಸರೂ ಕೂತು ಸುಲಿಯುತ್ತಿದ್ದರು. ಸೊಗಡಿನ ವಾಸನೆ ಮಂಜಿಗೆ ಹತ್ತಿ ಇಡೀ ಪಾರ್ಕು ಒಂದು ಅಡುಗೆಮನೆಯ ಹಾಗೆ ಇತ್ತು. ಮಾಲವಿಕಾ ಬೆಂಚಿನ ಮೇಲೆ ಕೂತು ಅಂಟಂಟು ಬೆರಳಲ್ಲಿ ಹುಳ ಇರುವ ಕಾಳನ್ನು ಬೇರೆ ಮಾಡುತ್ತಿದ್ದಳು.

"ಸ್ವಲ್ಪ ಸರೀತೀರಾ ಆಂಟಿ? ಆ ತುದಿಯಲ್ಲಿ ಕೂರಬೇಕು."

ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು. ಆ ಹುಡುಗಿಯನ್ನು ಅಲ್ಲಿ ಯಾರೂ ಗುರುತಿಟ್ಟು ನೋಡಿರಲಿಲ್ಲ. ಆದರೆ ಆ ಧ್ವನಿಯನ್ನು ನುಗ್ಗೆಕಾಯಿಯಲ್ಲಿ ಕೇಳಿದ್ದರು, ಪಪ್ಪಾಯಿಯಲ್ಲಿ ಕೇಳಿದ್ದರು, ಮೂಲಂಗಿಯಲ್ಲಿ ಕೇಳಿದ್ದರು. ಬಸವಲಿಂಗಪ್ಪ ಮಂಕಿ ಕ್ಯಾಪು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅನಂತಲಕ್ಷ್ಮಿ ಸರಿದರು. ಸರಿಯುವಾಗ ಒಂದೂ ಮಾತಾಡಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡದೇ.

ನಿಖಿತಾ ಕೂತಳು. ಮಾಲವಿಕಾಳ ಕಡೆ ನೋಡಲಿಲ್ಲ. ಬೋರ್ಡು ಇದ್ದ ಜಾಗದಲ್ಲಿ ಉಳಿದ ಎರಡು ತೂತುಗಳನ್ನು ನೋಡಿದಳು, ಚೆಂಡುಹೂವಿನ ಸಸಿಗೆ ಆನಿಸಿದ್ದ ಬೋರ್ಡನ್ನೂ ನೋಡಿದಳು. ರಾಶಿಯಿಂದ ಒಂದು ಅವರೆಕಾಯಿ ಎತ್ತಿಕೊಂಡು ಅದನ್ನು ಹಿಂದೆ ಮುಂದೆ ತಿರುಗಿಸಿದಳು.

"ಸಹಾಯ ಬೇಕಿತ್ತಾ?" ಎಂದಳು.

"ಬೇಡ" ಎಂದಳು ಮಾಲವಿಕಾ. "ಆ ತುದಿ ಹಿಡ್ಕೋ."

ಒಂದು ಅವರೆಕಾಯಿ ಎಷ್ಟುದ್ದ ಇರುತ್ತದೆ? ಎರಡು ಬೆರಳು ಈ ಕಡೆ, ಎರಡು ಬೆರಳು ಆ ಕಡೆ, ನಡುವೆ ಹಸಿರು ಒಂದಿಷ್ಟು. ಎಟುಕಿಸಲು ಇಬ್ಬರೂ ಬಹಳ ಬಾಗಬೇಕಾಯಿತು. ಎಡಗೈಯೊಂದು, ಬಲಗೈಯೊಂದು ತಾಮ್ರದ ಮೇಲೆ ಕೂತವು.

ಬೆಂಚು ಇಲ್ಲಿಯವರೆಗೆ ಯಾರಿಗೂ ಕೊಡದಷ್ಟು ಮೇಲಿನ ಸ್ವರವನ್ನು ಹಿಡಿಯಿತು. ಸಣ್ಣಗೆ, ಬೆಳಗಿನ ಬಿಸಿಲು ಜೇಡರಬಲೆಯ ಎಳೆಯ ಮೇಲೆ ಓಡಿದ ಹಾಗೆ. ಮಂಜು ಆಗಷ್ಟೇ ಬಿಡುತ್ತಿತ್ತು. ಹೊಂಗೆಮರಕ್ಕೆ ತಲೆ ಬಂದಿತ್ತು.

"ಎಳೀಬೇಡ ಕಣೇ" ಎಂದಳು ಮಾಲವಿಕಾ.

"ನೀನು ಎಳೀತಿರೋದು."

"ನಾನಲ್ಲ, ನೀನು. ಮೊದಲಿನಿಂದಲೂ ನೀನೇ..."

ಕಾಯಿ ಪಟ್ಟನೆ ಬಾಯಿ ಬಿಟ್ಟಿತು. ಸಿಪ್ಪೆಯ ಒಂದು ಹೋಳು ಇವಳ ಕೈಯಲ್ಲಿ, ಒಂದು ಹೋಳು ಅವಳ ಕೈಯಲ್ಲಿ. ಕಾಳುಗಳು ಬೆಂಚಿನ ಮೇಲೆ ಉರುಳಿ, ಪುಟಿದು, ಬಸವಲಿಂಗಪ್ಪನವರ ಕ್ಯಾಪಿನೊಳಗೆ ಹೋಗಿ ಬಿದ್ದವು. ಗುನುಗು ಕಡಿದುಹೋಯಿತು.

ನಗು ನಿಖಿತಾಳ ಮೂಗಿನಿಂದ ಮೊದಲು ಬಂತು, ಮಾಲವಿಕಾಳ ಹೊಟ್ಟೆಯಿಂದ ಅದರ ಹಿಂದೆ. ಒಂದರ ಮೇಲೊಂದು ಬೀಳುತ್ತಾ, ಉಸಿರು ಸಿಗದೆ, "ಸಂಡಿಗೆ" ಎಂದು ಒಬ್ಬಳು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬಳು ಬೆಂಚಿನಿಂದ ಜಾರಿ ಅವರೆಕಾಯಿಯ ರಾಶಿಯ ಮೇಲೆ ಕೂತುಬಿಟ್ಟಳು.

ಅನಂತಲಕ್ಷ್ಮಿ ಬಗ್ಗಿ ಬೆಂಚಿನ ಹೊಟ್ಟೆಯ ಕೆಳಗೆ ಇಣುಕಿದರು. "ಇದೇನ್ರೀ ಇದು, ಇಬ್ಬರೂ ಹಿಡಿ ಬಿಟ್ಟಿದಾರೆ, ಆದರೂ ನಗ್ತಾ ಇದೆಯಲ್ಲ!"

"ಅಕ್ಕಾರ" ಎಂದರು ಬಸವಲಿಂಗಪ್ಪ, ಕ್ಯಾಪಿನಿಂದ ಕಾಳು ಆರಿಸುತ್ತಾ, "ಅದು ಬೆಂಚಲ್ರೀ."

"ಗೊತ್ತಾಯ್ತು ಬಿಡಿ" ಎಂದು ಅನಂತಲಕ್ಷ್ಮಿ ಸೊಂಟ ಹಿಡಿದುಕೊಂಡು ಎದ್ದರು. ರಾಶಿಯ ಮೇಲೆ ಕೂತವಳ ರೆಟ್ಟೆ ಹಿಡಿದೆಬ್ಬಿಸುತ್ತಾ, "ಏಳ್ರಮ್ಮ ಇಬ್ಬರೂ. ನಗೋದು ಆಮೇಲೆ ನಗಿ. ಕಾಳೆಲ್ಲ ಎಲ್ಲೆಲ್ಲಿಗೆ ಹೋಯ್ತು ನೋಡಿ, ಆರಿಸಿಕೊಡಿ. ಮಧ್ಯಾಹ್ನದ ಸಾರಿಗೆ ಬೇಕು" ಎಂದರು.